ಕಸುಬು ಕಲಿಯುವ ಮಕ್ಕಳ ಅನ್ನದ ಲೆಕ್ಕ

ಖಾಸಗಿ ಕಾಲೇಜಿನ ಇಂಜಿನಿಯರಿಂಗ್ ಸೀಟಿಗಾಗಿ ಊರಿನ ಹೊಲವನ್ನು ಬ್ಯಾಂಕಿಗೆ ಒತ್ತೆಯಿಡಲು ಹಿಂಜರಿಯದ ತಂದೆಯೇ, ಐಟಿಐ ಮುಗಿಸಿ ಪುಣೆಯ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಕಿರಿಯ ಮಗನಿಗೆ ತಿಂಗಳಿಗೆ ಮೂರು ನಾಲ್ಕು ಸಾವಿರ ರೂಪಾಯಿ ಕಳುಹಿಸುವ ಪ್ರಸಂಗ ಬಂದಾಗ 'ಇನ್ನೂ ಎಷ್ಟು ದಿನ?' ಎಂದು ಕೇಳುವುದುಂಟು. ಆ ಪ್ರಶ್ನೆಯ ಹಿಂದೆ ಜಿಪುಣತನವಾಗಲಿ ಮಮತೆಯ ಕೊರತೆಯಾಗಲಿ ಇರಬೇಕೆಂದಿಲ್ಲ. ಮೊದಲನೆಯದು ವಿದ್ಯೆ, ಎರಡನೆಯದು ದುಡಿಮೆ ಎಂಬ ತಿಳಿವಳಿಕೆ ಇರುತ್ತದೆ. ವಿದ್ಯೆಗೆ ತಂದೆ ಕೊಡಬೇಕು. ದುಡಿಮೆಯಾದರೆ ಮಗನೇ ಮನೆಗೆ ತರಬೇಕು. ಸಮವಸ್ತ್ರ ತೊಟ್ಟು ಪಾಳಿಯ ಪ್ರಕಾರ ಕಾರ್ಖಾನೆಗೆ ಹೋಗಿಬರುವ, ತಿಂಗಳ ಕೊನೆಗೆ ಖಾತೆಗೆ ಒಂದಿಷ್ಟು ಹಣ ಜಮೆಯಾಗುವ ಹುಡುಗ ಇನ್ನೂ ವಿದ್ಯಾರ್ಥಿಯೇ ಎಂಬುದು ಮನೆಯವರಿಗೆ ಹೊಳೆಯುವುದಿಲ್ಲ.

ಕಾನೂನಿಗೆ ಮಾತ್ರ ಈ ವಿಷಯದಲ್ಲಿ ಸಂದೇಹವಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ 18ನೆಯ ಕಲಮಿನ ಪ್ರಕಾರ ಅಪ್ರೆಂಟಿಸ್ ಎಂಬವನು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಅವನಿಗೆ ದೊರೆಯುವುದು ಕೂಲಿಯಲ್ಲ, ಸ್ಟೈಪೆಂಡ್. 2019ರಲ್ಲಿ ಪರಿಷ್ಕರಿಸಿದ ನಿಯಮಗಳಂತೆ ತಿಂಗಳ ಕನಿಷ್ಠ ಸ್ಟೈಪೆಂಡ್ ಹತ್ತನೆಯ ತರಗತಿ ಮುಗಿಸಿದವರಿಗೆ 6,000 ರೂಪಾಯಿ, ಹನ್ನೆರಡನೆಯ ತರಗತಿಯವರಿಗೆ 7,000, ಐಟಿಐ ಪ್ರಮಾಣಪತ್ರ ಉಳ್ಳವರಿಗೆ 7,700, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಎರಡನೆಯ ವರ್ಷ ಶೇಕಡಾ 10ರಷ್ಟು, ಮೂರನೆಯ ವರ್ಷ ಶೇಕಡಾ 15ರಷ್ಟು ಏರಿಕೆ. ಇದಕ್ಕಿಂತ ಹೆಚ್ಚು ಕೊಡುವ ಕಂಪನಿಗಳು ಇಲ್ಲದಿಲ್ಲ. ಆದರೆ ಕೊಡಲೇಬೇಕಾದದ್ದು ಇಷ್ಟೇ.

ಈಗ ಅಥಣಿ, ರಾಯಬಾಗ ಅಥವಾ ಚಿಕ್ಕೋಡಿಯ ಕಡೆಯಿಂದ ಚಿಂಚವಾಡಕ್ಕೋ ಚಾಕಣಕ್ಕೋ ಬಂದ ಫಿಟ್ಟರ್ ಹುಡುಗನ ತಿಂಗಳನ್ನು ಊಹಿಸಿಕೊಳ್ಳಬಹುದು. ನಾಲ್ವರು ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚಕ್ಕೆ 3,000 ರೂಪಾಯಿ, ಎರಡು ಹೊತ್ತಿನ ಖಾನಾವಳಿಗೆ 3,500 ಎಂದು ಹಿಡಿದರೂ ಉಳಿಯುವುದು 1,200. ಅದರೊಳಗೆ ಬಸ್ಸು, ಮೊಬೈಲು, ಸಾಬೂನು, ಒಂದು ಜ್ವರದ ಔಷಧಿ, ವರ್ಷಕ್ಕೆರಡು ಸಲ ಊರಿಗೆ ಹೋಗಿಬರುವ ಖರ್ಚು ಎಲ್ಲವೂ ಮುಗಿಯಬೇಕು. ಠೇವಣಿ ಎಂದು ಮನೆಯೊಡೆಯ ಮೊದಲೇ ಕೇಳುವ ಹಣ ಬೇರೆ. ಜೈನ ಮನೆಯ ಹುಡುಗನಾದರೆ ಇನ್ನೊಂದು ಕಷ್ಟವೂ ಉಂಟು. ಕಂದಮೂಲ ಮುಟ್ಟದೆ, ಸೂರ್ಯಾಸ್ತದೊಳಗೆ ಊಟ ಮುಗಿಸುವ ಅಭ್ಯಾಸದಲ್ಲಿ ಬೆಳೆದವನಿಗೆ ಎರಡನೆಯ ಪಾಳಿ ಬಿದ್ದರೆ ಕ್ಯಾಂಟೀನಿನ ಅಗ್ಗದ ಊಟ ಒಗ್ಗುವುದಿಲ್ಲ. ಡಬ್ಬಿ ಹೇಳಬೇಕು, ಇಲ್ಲವೇ ತಾನೇ ಸ್ಟೌ ಹಚ್ಚಬೇಕು. ಅವನು ವ್ರತ ಬಿಟ್ಟನೆಂದು ಊರಿನಲ್ಲಿ ಆಡಿಕೊಳ್ಳುವವರು ಸಿಗುತ್ತಾರೆ. ಆ ಡಬ್ಬಿಯ ಹಣ ಯಾರು ಕೊಟ್ಟರು ಎಂದು ವಿಚಾರಿಸುವವರು ಅಷ್ಟಾಗಿ ಸಿಗುವುದಿಲ್ಲ.

ಇದೇ ಕೆಲಸಕ್ಕೆ ಚಿಂಚವಾಡದಲ್ಲಿಯೇ ಸ್ವಂತ ಮನೆಯಿರುವ ಹುಡುಗ ಸೇರಿದರೆ 7,700 ರೂಪಾಯಿ ಅವನ ಕೈಖರ್ಚಾಗುತ್ತದೆ. ಹೊರಗಿನಿಂದ ಬಂದವನಿಗೆ ಅದೇ ಹಣ ತಿಂಗಳ ಇಪ್ಪತ್ತನೆಯ ತಾರೀಖಿಗೆ ಮುಗಿದುಹೋಗುತ್ತದೆ. ಒಂದೇ ಸ್ಟೈಪೆಂಡ್, ಇಬ್ಬರಿಗೂ ಬೇರೆ ಬೇರೆ ಬದುಕು. ವ್ಯತ್ಯಾಸವನ್ನು ತುಂಬಿಕೊಡುವುದು ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ, ಮನೆ. ತುಂಬಿಕೊಡುವ ಮನೆ ಹಿಂದೆ ಇಲ್ಲದವನು ಐದಾರು ತಿಂಗಳಲ್ಲಿ ತರಬೇತಿ ಬಿಟ್ಟು, ಕೂಡಲೇ ಎರಡು ಸಾವಿರ ಹೆಚ್ಚು ಕೊಡುವ ಗೋದಾಮಿನ ಕೆಲಸಕ್ಕೋ ಪಾರ್ಸೆಲ್ ಹಂಚುವ ಕೆಲಸಕ್ಕೋ ಹೋಗುತ್ತಾನೆ. ಕಸುಬು ಅರ್ಧಕ್ಕೆ ನಿಲ್ಲುತ್ತದೆ. ಹುಡುಗನಿಗೆ ಛಲವಿಲ್ಲ ಎಂದು ಊರು ತೀರ್ಪು ಕೊಡುತ್ತದೆ.

ಇಲ್ಲಿರುವ ರಾಜಕೀಯವನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಕೌಶಲ್ಯದ ಭಾರತ ಎಂಬ ಘೋಷಣೆಗೆ ಹತ್ತು ವರ್ಷ ಕಳೆದಿದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರ ಭರಿಸುವುದು ಸ್ಟೈಪೆಂಡಿನ ಶೇಕಡಾ 25ರಷ್ಟನ್ನು, ಅದೂ ತಿಂಗಳಿಗೆ 1,500 ರೂಪಾಯಿ ಮೀರದಂತೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು 5,000ದಿಂದ 9,000 ರೂಪಾಯಿವರೆಗಿನ ದರಗಳನ್ನು 6,800ದಿಂದ 12,300ಕ್ಕೆ ಏರಿಸುವಂತೆ ಶಿಫಾರಸು ಮಾಡಿತು. 2019ರಿಂದ ಆ ಶಿಫಾರಸಿನವರೆಗೆ ಬಾಡಿಗೆಯೂ ಬೇಳೆಯೂ ನಿಂತಲ್ಲೇ ನಿಂತಿರಲಿಲ್ಲ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರಲ್ಲಿ ಬಂದಾಗ ತಿಂಗಳಿಗೆ 5,000 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ದೆಹಲಿಯಲ್ಲಿಯೋ ಮುಂಬಯಿಯಲ್ಲಿಯೋ ಆ ಹಣದಲ್ಲಿ ತಿಂಗಳು ಕಳೆಯುವುದು ಹೇಗೆಂದು ಯೋಜನೆ ರೂಪಿಸಿದವರು ಯೋಚಿಸಿರಲಾರರು ಎನ್ನುವುದಕ್ಕಿಂತ, ಹಿಂದೆ ತಂದೆತಾಯಿ ಇದ್ದಾರೆಂದು ಅವರು ಎಣಿಸಿಕೊಂಡಿದ್ದಾರೆ ಎನ್ನುವುದು ಹೆಚ್ಚು ಸರಿ. ಬಜೆಟ್ಟಿನ ಯಾವ ಪುಟದಲ್ಲಿಯೂ ಕಾಣದ ಒಂದು ಬಾಬತ್ತು ಈ ಎಲ್ಲ ಯೋಜನೆಗಳನ್ನು ಎತ್ತಿಹಿಡಿದಿದೆ. ಅದು ಪಾಲಕರ ಜೇಬು. ಬೆಳಗಾವಿ ಜಿಲ್ಲೆಯ ರೈತ ಕಬ್ಬಿನ ಬಿಲ್ಲಿನಿಂದ ಕಳುಹಿಸುವ ಮೂರು ಸಾವಿರ ರೂಪಾಯಿ, ವಾಸ್ತವದಲ್ಲಿ ಪುಣೆಯ ಮೋಟಾರು ಬಿಡಿಭಾಗಗಳ ಕಾರ್ಖಾನೆಗೆ ಅವನು ಕೊಡುವ ಸಹಾಯಧನ.

ಹಾಗಾದರೆ ತಂದೆತಾಯಿ ಕೊಡಬೇಕಾದದ್ದು ಧರ್ಮವೋ ಕರ್ತವ್ಯವೋ? 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದರಲ್ಲಿ ಜೀವನಾಂಶ ಎಂದರೆ ಅನ್ನ, ಬಟ್ಟೆ, ವಸತಿ, ಶಿಕ್ಷಣ, ಔಷಧೋಪಚಾರ. ಆದರೆ 20ನೆಯ ಕಲಮಿನಂತೆ ಮಗನ ಹಕ್ಕು ಅವನು ವಯಸ್ಕನಾಗುವವರೆಗೆ ಮಾತ್ರ. ಹತ್ತನೆಯ ತರಗತಿ ಮುಗಿಸಿ ಹದಿನಾರಕ್ಕೆ ಐಟಿಐ ಸೇರಿದ ಹುಡುಗ ಎರಡು ವರ್ಷದ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಪಾಠ ಮುಗಿಸುವಾಗ ಹದಿನೆಂಟು ತುಂಬಿರುತ್ತದೆ. ಕಾರ್ಖಾನೆಯ ತರಬೇತಿ ತೊಡಗುವ ದಿನವೇ ಕಾನೂನು ಅವನ ಕೈಬಿಡುತ್ತದೆ ಎಂದಾಯಿತು. 2021ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಮಗನಿಗೆ ಹದಿನೆಂಟು ತುಂಬಿತೆಂಬ ಕಾರಣಕ್ಕೆ ತಂದೆಯ ಹೊಣೆ ಮುಗಿಯುವುದಿಲ್ಲವೆಂದು ಹೇಳಿ, ಅವನು ಪದವಿ ಮುಗಿಸುವವರೆಗೆ ಅಥವಾ ಗಳಿಸತೊಡಗುವವರೆಗೆ ತಾಯಿಗೆ ಹಣ ಕೊಡಿಸಿತು. ತೀರ್ಪು ಸ್ವಾಗತಾರ್ಹ. ಆದರೂ ಅಲ್ಲಿ ನ್ಯಾಯಾಲಯದ ಕಣ್ಣಮುಂದೆ ಇದ್ದದ್ದು ಪದವಿ. ಲೇತ್ ಯಂತ್ರದ ಮುಂದೆ ನಿಂತ ಹುಡುಗನಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ವಿಚಿತ್ರವಾಗಿದೆ. ಸ್ವಂತ ದುಡಿಮೆಯಿಲ್ಲದ ಅವಿವಾಹಿತ ಮಗಳನ್ನು ವಯಸ್ಸಿನ ಮಿತಿಯಿಲ್ಲದೆ ಪೋಷಿಸುವ ಹೊಣೆ ಅದೇ ಕಾಯಿದೆಯಲ್ಲಿ ತಂದೆತಾಯಿಗಳ ಮೇಲಿದೆ. ಆಕೆಯ ಮದುವೆಯ ಯುಕ್ತ ವೆಚ್ಚವೂ ಜೀವನಾಂಶದೊಳಗೇ ಸೇರುತ್ತದೆ. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಗಳು ತನ್ನ ಶಿಕ್ಷಣದ ವೆಚ್ಚವನ್ನು ತಂದೆತಾಯಿಗಳಿಂದ ಅವರ ಶಕ್ತಿಗೆ ಅನುಗುಣವಾಗಿ ಪಡೆಯುವುದು ಕಾನೂನು ಮಾನ್ಯ ಮಾಡಿದ ಹಕ್ಕೆಂದು ಸ್ಪಷ್ಟಪಡಿಸಿತು. ಕಾಗದದ ಮೇಲೆ ಮಗಳ ಸ್ಥಿತಿ ಮಗನಿಗಿಂತ ಭದ್ರ. ಮನೆಯೊಳಗೆ? ಮಗಳು ಹುಟ್ಟಿದ ವರ್ಷದಿಂದ ತೊಲ ತೊಲವಾಗಿ ಬಂಗಾರ ಕೂಡಿಡುವ ಕುಟುಂಬವೇ, ಆಕೆ ಡಯಾಲಿಸಿಸ್ ತಂತ್ರಜ್ಞೆಯಾಗಲೋ ಹೊಲಿಗೆಯ ವಿನ್ಯಾಸ ಕಲಿಯಲೋ ಹೈದರಾಬಾದಿಗೆ ಹೋಗುತ್ತೇನೆಂದರೆ ಹಾಸ್ಟೆಲಿನ ಖರ್ಚನ್ನು ಮುಂದೆ ಮಾಡುತ್ತದೆ. ಒಂದೂವರೆ ತೊಲ ಬಂಗಾರದ ಇಂದಿನ ಬೆಲೆಯಲ್ಲಿ ಆ ಹಾಸ್ಟೆಲಿನ ಎಷ್ಟು ತಿಂಗಳು ಕಳೆಯುತ್ತವೆಂದು ಪೇಟೆಯ ಲೆಕ್ಕ ಬಲ್ಲ ಸಮಾಜಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ತಂದೆಯೇ ಕಲಿಸಿದನೆಂಬ ಕಥೆಯನ್ನು ಪ್ರತಿ ವರ್ಷ ಬಸದಿಯಲ್ಲಿ ಕೇಳುವವರು ಇವರೇ.

ಅದೇ ಪುರಾಣ ಪರಂಪರೆ ಆದಿತೀರ್ಥಂಕರರು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ತೋರಿಸಿಕೊಟ್ಟರೆಂದು ಹೇಳುತ್ತದೆ. ಆರರಲ್ಲಿ ಮಸಿ ಮತ್ತು ವಾಣಿಜ್ಯ ಎರಡನ್ನೇ ಇಂದಿನ ಸಮಾಜ ಎದೆಗೆ ಅವಚಿಕೊಂಡಿದೆ. ಚಾರ್ಟರ್ಡ್ ಅಕೌಂಟೆನ್ಸಿ ಓದುವ ಮಗನ ಆರ್ಟಿಕಲ್‌ಶಿಪ್ ಕೂಡ ಕಚೇರಿಯಲ್ಲಿ ಹಿರಿಯರ ಕೈಕೆಳಗೆ ದುಡಿದು ಕಲಿಯುವ ತರಬೇತಿಯೇ. 2023ರಲ್ಲಿ ಅದರ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಸ್ಟೈಪೆಂಡ್ ಅಲ್ಲಿಯೂ ಅಲ್ಪವೇ. ಆದರೆ ಆ ವರ್ಷಗಳಲ್ಲಿ ಯಾವ ತಂದೆಯೂ 'ಇನ್ನೂ ಎಷ್ಟು ದಿನ' ಎನ್ನುವುದಿಲ್ಲ. ಮಾಟುಂಗದಲ್ಲೋ ಮುಲುಂಡಿನಲ್ಲೋ ಕೋಣೆ ಹಿಡಿದುಕೊಟ್ಟು, ಪರೀಕ್ಷೆ ಒಂದೆರಡು ಸಲ ಕೈಕೊಟ್ಟರೂ ಕಾಯುತ್ತಾರೆ. ಮಸಿಯ ಮಗನಿಗೆ ಕೊಡುವ ಹಣ ಭಾರವೆನಿಸುವುದಿಲ್ಲ, ಶಿಲ್ಪದ ಮಗನಿಗೆ ಕೊಟ್ಟರೆ ದಂಡವೆನಿಸುತ್ತದೆ. ಇದು ಹಣದ ಕೊರತೆಯಲ್ಲ, ಕೈಗೆ ಎಣ್ಣೆ ಮೆತ್ತಿಕೊಳ್ಳುವ ಕೆಲಸದ ಮೇಲಿನ ತಾತ್ಸಾರ.

ಜೈನರೆಂದರೆ ಅನುಕೂಲಸ್ಥರು, ಅವರಲ್ಲಿ ಐಟಿಐಗೆ ಹೋಗುವವರು ಎಷ್ಟು ಮಂದಿ ಎಂದು ಕೇಳುವವರಿದ್ದಾರೆ. ಮುಂಬಯಿಯ ವಜ್ರದ ಪೇಟೆಯನ್ನು ನೋಡಿ ಇಡೀ ಸಮಾಜವನ್ನು ಅಳೆದರೆ ಹಾಗೆ ಅನಿಸುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜೈನರ ಸಂಖ್ಯೆ ಸುಮಾರು 4.4 ಲಕ್ಷ, ಅವರಲ್ಲಿ ಬೆಳಗಾವಿ ಸೀಮೆಯವರು ಬಹುಪಾಲು ನೇಗಿಲು ಹಿಡಿದ ಮನೆಗಳವರು. ಹೊಲ ಒಡೆದು ಒಡೆದು ಒಂದೆರಡು ಎಕರೆಗೆ ಬಂದ ಮನೆಯ ಮಗ ಪುಣೆಗೆ ಹೋಗುವುದು ವ್ಯಾಪಾರಕ್ಕಲ್ಲ. ದೇಶದ ಜೈನರ ಸಾಕ್ಷರತೆ ಶೇಕಡಾ 94ಕ್ಕೂ ಹೆಚ್ಚು ಎಂದು ಅದೇ ಜನಗಣತಿಯನ್ನು ಉದ್ಧರಿಸಿ ಹೆಮ್ಮೆಪಡುವುದು ಸುಲಭ. ಸಾಕ್ಷರತೆ ಕಸುಬನ್ನು ಕಲಿಸುವುದಿಲ್ಲ.

ಇದಕ್ಕೆ ಎದುರಾಗಿ ಹಿರಿಯರು ಆಡುವ ಒಂದು ಮಾತು ತೂಕದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಹದಿನೆಂಟು ದಾಟಿದವನನ್ನು ಮನೆಯ ಹಣದಿಂದ ಸಾಕಿದರೆ ಅವನು ಗಟ್ಟಿಯಾಗುವುದು ಯಾವಾಗ? ಗಳಿಸಿ ಕಲಿಯಬೇಕು ಎಂಬುದಕ್ಕೆ ಅವರು ತೋರಿಸುವುದು ಕರ್ಮವೀರ ಭಾವುರಾವ್ ಪಾಟೀಲರನ್ನು. 1887ರಲ್ಲಿ ಕೊಲ್ಹಾಪುರದ ಬಳಿಯ ಕುಂಭೋಜದಲ್ಲಿ ಜೈನ ಕುಟುಂಬವೊಂದರಲ್ಲಿ ಹುಟ್ಟಿ, 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಅವರು 'ಗಳಿಸು, ಕಲಿ' ಎಂಬುದನ್ನೇ ಶಾಲೆಯ ಪದ್ಧತಿಯಾಗಿ ಮಾಡಿದವರು. ಅವರ ವಸತಿಗೃಹಗಳಲ್ಲಿ ಎಲ್ಲ ಜಾತಿಯ ಹುಡುಗರು ಒಟ್ಟಿಗೆ ಉಂಡರು, ಹೊಲದಲ್ಲಿ ದುಡಿದರು, ಓದಿದರು. ಉದಾಹರಣೆ ಸರಿಯಾದದ್ದೇ, ಆದರೆ ಅರ್ಧ ಹೇಳಿದ್ದು. ಆ ಹುಡುಗರ ತಲೆಯ ಮೇಲೆ ಸೂರು ಇತ್ತು, ತಟ್ಟೆಯಲ್ಲಿ ಅನ್ನವಿತ್ತು. ಅದು ಅವರ ದುಡಿಮೆಯಿಂದಷ್ಟೇ ಬರಲಿಲ್ಲ. ದವಸ ತೀರಿದ ದಿನಗಳಲ್ಲಿ ಭಾವುರಾಯರ ಹೆಂಡತಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನು, ಕೊನೆಗೆ ಮಾಂಗಲ್ಯವನ್ನೂ ಕೊಟ್ಟು ಆ ಮಕ್ಕಳ ಹೊಟ್ಟೆ ತುಂಬಿಸಿದರು. ಹೆತ್ತ ಮಕ್ಕಳಲ್ಲ, ಯಾರದೋ ಮಕ್ಕಳು. ಗಳಿಸಿ ಕಲಿಯುವ ಪದ್ಧತಿ ನಿಂತದ್ದು ಮೊದಲು ಉಣಿಸಿದವರು ಇದ್ದುದರಿಂದ. ಮಗನಿಗೆ ಭಾವುರಾಯರ ಶಿಸ್ತನ್ನು ಬೋಧಿಸುವ ಮನೆ ಲಕ್ಷ್ಮೀಬಾಯಿಯವರ ಪಾಲನ್ನು ಯಾರಿಗೆ ಬಿಟ್ಟಿದೆ?

ಕನ್ನಡ ನಾಡಿನೊಳಗೇ ಇನ್ನೊಂದು ಸಾಕ್ಷ್ಯವಿದೆ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಲ್ಲಿ ನಿರುದ್ಯೋಗಿ ಯುವಕರಿಗೆ ಕೆಲವು ವಾರಗಳ ಕಸುಬಿನ ತರಬೇತಿ ಕೊಡಲಾಗುತ್ತದೆ. ಮುಂದೆ ಕೇಂದ್ರ ಸರ್ಕಾರ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ಕೇಂದ್ರಗಳನ್ನು ತೆರೆಯಲು ಇದೇ ಮಾದರಿಯಾಯಿತು. ಆ ಮಾದರಿಯ ಗುಟ್ಟು ಪಠ್ಯಕ್ರಮದಲ್ಲಷ್ಟೇ ಇಲ್ಲ. ತರಬೇತಿ ಉಚಿತ, ಜೊತೆಗೆ ಊಟವೂ ವಸತಿಯೂ ಉಚಿತ. ಬಡವನ ಮಗ ಕಲಿಯಲಾರದೆ ಹೋಗುವುದು ಶುಲ್ಕದಿಂದಲ್ಲ, ಕಲಿಯುವ ದಿನಗಳ ಅನ್ನದಿಂದ ಎಂಬುದನ್ನು ಅದನ್ನು ಕಟ್ಟಿದವರು ಅರಿತಿದ್ದರು. ಕೆಲವು ವಾರಗಳಿಗೆ ನಿಜವಾದದ್ದು ಒಂದೆರಡು ವರ್ಷಗಳ ಅಪ್ರೆಂಟಿಸ್‌ಶಿಪ್ಪಿಗೆ ಇನ್ನೂ ಹೆಚ್ಚು ನಿಜ.

ಮನೆ ಕೊಡುವ ಹಣ ಹೇಗೆ ಕೊಡಬೇಕು ಎಂಬುದೂ ಮುಖ್ಯ. ಹಬ್ಬಕ್ಕೆ ಬಂದಾಗ ತಾಯಿ ತಂದೆಗೆ ಕಾಣದಂತೆ ಕೈಗೆ ತುರುಕುವ ನೋಟು ಹುಡುಗನನ್ನು ಕುಗ್ಗಿಸುತ್ತದೆ. ತಿಂಗಳ ಮೊದಲ ವಾರದಲ್ಲಿ ಖಾತೆಗೆ ಜಮೆಯಾಗುವ ಗೊತ್ತಾದ ಮೊತ್ತ ಅವನಿಗೆ ಬೆನ್ನೆಲುಬು ಕೊಡುತ್ತದೆ. ಒಪ್ಪಂದದ ಅವಧಿ ಎಷ್ಟೋ ಅಷ್ಟು ಕಾಲ, ಸ್ಟೈಪೆಂಡನ್ನು ಲೆಕ್ಕಕ್ಕೆ ಹಿಡಿದು ಕೊರತೆಬಿದ್ದಷ್ಟನ್ನು ಮಾತ್ರ ಕೊಡುವುದು ಎಂದು ಕೂತು ಮಾತಾಡಿಕೊಂಡರೆ ಎರಡೂ ಕಡೆಯ ಮುಜುಗರ ತಪ್ಪುತ್ತದೆ. ಜರ್ಮನಿಯಲ್ಲಿ ಇದು ನಾಗರಿಕ ಸಂಹಿತೆಯಲ್ಲಿಯೇ ಇದೆ: ಯೋಗ್ಯವಾದ ಒಂದು ಉದ್ಯೋಗ ಶಿಕ್ಷಣದ ವೆಚ್ಚ ಮಗುವಿನ ಜೀವನಾಂಶದ ಭಾಗ, ವಯಸ್ಸು ಹದಿನೆಂಟು ದಾಟಿದರೂ ಸರಿ. ತರಬೇತಿಯಲ್ಲಿ ಸಿಗುವ ಭತ್ಯೆಯನ್ನು ಅದರಿಂದ ಕಳೆಯಲಾಗುತ್ತದೆ. ಮಗುವೂ ಶ್ರದ್ಧೆಯಿಂದ ಕಲಿತು ಸಕಾಲದಲ್ಲಿ ಮುಗಿಸಬೇಕು. ಅಲ್ಲಿಯ ಕೋರ್ಟುಗಳಂತೆ ಇಲ್ಲಿಯೂ ತಂದೆಮಕ್ಕಳು ವ್ಯಾಜ್ಯ ಹೂಡಬೇಕೆಂದು ಯಾರೂ ಬಯಸುವುದಿಲ್ಲ. ಆ ಮೂರು ನಿಯಮಗಳಲ್ಲಿರುವ ವಿವೇಕವನ್ನು ಕೋರ್ಟಿಲ್ಲದೆಯೂ ಮನೆಗೆ ತರಬಹುದು. ಕೊಟ್ಟ ಹಣವನ್ನು ಮುಂದೆ ಮದುವೆಯ ಮಾತಿನಲ್ಲೋ ಆಸ್ತಿಯ ಪಾಲಿನಲ್ಲೋ ಎತ್ತಿ ಆಡದಿರುವುದನ್ನು ನಾಲ್ಕನೆಯದಾಗಿ ಸೇರಿಸಿಕೊಳ್ಳಬಹುದು. ಅದು ಜರ್ಮನರಿಗೆ ಬೇಕೋ ಇಲ್ಲವೋ, ಇಲ್ಲಿಗಂತೂ ಬೇಕು.

ಕೊಡುವ ಶಕ್ತಿಯೇ ಇಲ್ಲದ ಮನೆಗಳ ಪಾಲಿಗೆ ಸಮಾಜ ಬರಬೇಕು. 1899ರಲ್ಲಿ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆ ಸ್ಥಾಪನೆಯಾದ ಕಾಲದ ಹಿರಿಯರಿಗೆ, ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಬೇಕಾದದ್ದು ಮೊದಲು ಒಂದು ಸೂರು ಎಂದು ತಿಳಿದಿತ್ತು. ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಯಂಥ ಊರುಗಳಲ್ಲಿ ಜೈನ ಬೋರ್ಡಿಂಗುಗಳು ಎದ್ದದ್ದು ಆ ತಿಳಿವಳಿಕೆಯಿಂದ. ಇಂದು ಸಮಾಜದ ಅನೇಕ ವಸತಿಗೃಹಗಳು ಪ್ರವೇಶಕ್ಕೆ ಕಾಲೇಜಿನ ಬೋನಾಫೈಡ್ ಪ್ರಮಾಣಪತ್ರ ಕೇಳುತ್ತವೆ. ಅಪ್ರೆಂಟಿಸನ ಬಳಿ ಅದು ಇರುವುದಿಲ್ಲ. ಇರುವುದು ಸರ್ಕಾರದ ಪೋರ್ಟಲಿನಲ್ಲಿ ನೋಂದಣಿಯಾದ ಒಪ್ಪಂದ ಪತ್ರ. ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಅಂಕಪಟ್ಟಿಯ ಶೇಕಡಾವಾರು ಕೇಳುವ ಕಲಮು ಇರುತ್ತದೆ, ಕಾರ್ಖಾನೆಯ ಹೆಸರು ಬರೆಯುವ ಜಾಗ ಇರುವುದಿಲ್ಲ. ಯಾರೋ ದುರುದ್ದೇಶದಿಂದ ಮಾಡಿದ್ದಲ್ಲ ಇದು. ಅರ್ಜಿಯ ನಮೂನೆ ಬರೆದವರ ಮನೆಯಲ್ಲಿ ಅಪ್ರೆಂಟಿಸ್ ಯಾರೂ ಇರಲಿಲ್ಲ, ಅಷ್ಟೆ. ಪಂಚಕಲ್ಯಾಣದ ಸವಾಲಿನಲ್ಲಿ ಒಂದು ಕಲಶಕ್ಕೆ ಕೂಗುವ ಮೊತ್ತದಲ್ಲಿ ಎಷ್ಟು ಹುಡುಗರ ಎಷ್ಟು ತಿಂಗಳ ಡಬ್ಬಿ ನಡೆದೀತು ಎಂಬ ಲೆಕ್ಕವನ್ನು ಇಲ್ಲಿ ಹಾಕಿದರೆ ಕೆಲವರಿಗೆ ಬೇಸರವಾದೀತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಎಣಿಸುವಾಗ, ಕಸುಬು ಕಲಿಯುವವನಿಗೆ ಹಾಕಿದ ಊಟದಲ್ಲಿ ಎರಡು ದಾನಗಳು ಕೂಡಿವೆ ಎಂದು ಒಪ್ಪಲು ಅವರಿಗೂ ಕಷ್ಟವಾಗಲಾರದು.

ಸರ್ಕಾರದ ಪಾಲು ಇದರಿಂದ ಕಡಿಮೆಯಾಗುವುದಿಲ್ಲ. ಕೌಶಲ್ಯ ಸಾಲದ ಮಿತಿಯನ್ನು 2024ರಲ್ಲಿ ಒಂದೂವರೆ ಲಕ್ಷದಿಂದ ಏಳೂವರೆ ಲಕ್ಷಕ್ಕೆ ಏರಿಸಿದ್ದು ದೊಡ್ಡ ಸುದ್ದಿಯಾಯಿತು. ತಿಂಗಳಿಗೆ ಮೂರು ಸಾವಿರದ ಕೊರತೆಯಿರುವ ಮನೆಗೆ ಏಳೂವರೆ ಲಕ್ಷದ ಸಾಲ ಬೇಕಾಗಿಲ್ಲ. ಬೇಕಾದದ್ದು ಮನೆಯಿಂದ ದೂರ ತರಬೇತಿ ಪಡೆಯುವವರಿಗೆ ಪ್ರತ್ಯೇಕ ವಸತಿ ಭತ್ಯೆ, ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ವರ್ಷ ತಾನಾಗಿ ಏರುವ ಸ್ಟೈಪೆಂಡ್, ಕೈಗಾರಿಕಾ ವಸಾಹತುಗಳಲ್ಲಿ ಅಪ್ರೆಂಟಿಸ್ ವಸತಿಗೃಹ. 2014ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಮಾನ್ಯತೆ ಪಡೆದ ಜೈನ ಸಮಾಜದ ಮುಖಂಡರು ಮಂತ್ರಿಗಳ ಬಳಿ ಹೋದಾಗಲೆಲ್ಲ ತೀರ್ಥಕ್ಷೇತ್ರಗಳ ರಸ್ತೆ, ಅನುದಾನಗಳ ಬೇಡಿಕೆಪತ್ರ ಒಯ್ಯುತ್ತಾರೆ. ಆ ಪತ್ರದಲ್ಲಿ ಇದಕ್ಕೂ ಒಂದು ಸಾಲು ಹಿಡಿಸುತ್ತದೆ. ಅದಕ್ಕೂ ಮೊದಲು, ಬರುವ ಜೂನ್‌ಗೆ ಟ್ರಸ್ಟುಗಳ ಅರ್ಜಿ ನಮೂನೆಗಳು ಮತ್ತೆ ಅಚ್ಚಿಗೆ ಹೋಗುವಾಗ, ಕಾಲೇಜಿನ ಹೆಸರು ಎಂಬ ಕಲಮಿನ ಪಕ್ಕದಲ್ಲಿ 'ಅಥವಾ ತರಬೇತಿ ಪಡೆಯುವ ಸ್ಥಳ' ಎಂದು ಸೇರಿಸಲು ಯಾವ ಮಂತ್ರಿಯ ಸಹಿಯೂ ಬೇಕಾಗಿಲ್ಲ.